ಹುಳುಕು ಹಲ್ಲು ತೊಳೆಯಲು ಬೇವು ಸಾಕೇ?

ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡು ಬಂದವರನ್ನು ಕೇಳಿ ನೋಡಿ. ಡ್ರಿಲ್ಲಿನ ಸದ್ದು ನೆನಪಿರುತ್ತದೆ, ಕೊನೆಯಲ್ಲಿ ಬಾಯೊಳಗೆ ಹಿಡಿದ ನೀಲಿ ಬೆಳಕು ನೆನಪಿರುತ್ತದೆ. ಇವೆರಡರ ನಡುವೆ ವೈದ್ಯರು ಮಾಡುವ ಒಂದು ಸಣ್ಣ ಕೆಲಸ ಯಾರ ಗಮನಕ್ಕೂ ಬಂದಿರುವುದಿಲ್ಲ. ಹುಳುಕನ್ನು ಕೆರೆದು ತೆಗೆದಾದ ಮೇಲೆ, ಸಿಮೆಂಟ್ ಹಾಕುವ ಮುಂಚೆ, ಪುಟ್ಟ ಹತ್ತಿಯುಂಡೆಯನ್ನೋ ಬ್ರಶ್ಶಿನ ತುದಿಯನ್ನೋ ಒಂದು ದ್ರಾವಣದಲ್ಲಿ ಅದ್ದಿ ಕುಳಿಯ ಗೋಡೆಗೆಲ್ಲ ಸವರುತ್ತಾರೆ. ಅರ್ಧ ನಿಮಿಷವೋ ಒಂದು ನಿಮಿಷವೋ ಬಿಟ್ಟು ಒರೆಸಿಬಿಡುತ್ತಾರೆ. ಎಲ್ಲ ವೈದ್ಯರೂ ಇದನ್ನು ಮಾಡುವುದಿಲ್ಲ. ಮಾಡುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಶೇ 2ರ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ.

ಈ ಒಂದು ನಿಮಿಷದ ಕೆಲಸಕ್ಕೆ ಬೇವು, ಅರಿಶಿನ, ತ್ರಿಫಲಾ, ಲೋಳೆಸರ ಆಗಬಹುದೇ ಎಂದು ನಮ್ಮ ದೇಶದ ಡೆಂಟಲ್ ಕಾಲೇಜುಗಳಲ್ಲಿ ಸಾಕಷ್ಟು ಪ್ರಯೋಗಗಳು ನಡೆದಿವೆ. ಕರ್ನಾಟಕದ ಕಾಲೇಜುಗಳೂ ಇದರಲ್ಲಿವೆ. ಆ ಪ್ರಯೋಗಗಳ ಫಲ ವಾಟ್ಸ್‌ಆ್ಯಪ್‌ ಮುಟ್ಟುವ ಹೊತ್ತಿಗೆ ‘ಬೇವು ಇಂಗ್ಲಿಷ್ ಔಷಧಿಯಷ್ಟೇ ಪರಿಣಾಮಕಾರಿ’ ಎಂಬ ಒಂದೇ ಸಾಲಾಗಿ ಉಳಿದಿರುತ್ತದೆ. ಆ ಸಾಲು ಪೂರ್ತಿ ಸುಳ್ಳಲ್ಲ. ಆದರೆ ಯಾವುದಕ್ಕೆ ಪರಿಣಾಮಕಾರಿ, ಎಷ್ಟು ದಿನಕ್ಕೆ, ಯಾವ ಹಲ್ಲಿನಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಹಲ್ಲು ಕಳೆದುಕೊಳ್ಳುವ ಭಯದಲ್ಲಿರುವವರಿಗೆ ಬೇಕಾದ ಮಾತು ಅದೇ ಆದ್ದರಿಂದ ಸ್ವಲ್ಪ ಬಿಡಿಸಿ ನೋಡೋಣ.

ಹಲ್ಲಿನ ಹೊರಕವಚ ಎನಾಮಲ್. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಶೇ 96ರಷ್ಟು ಖನಿಜವೇ. ಅದರ ಒಳಗಿನ ಪದರ ಡೆಂಟಿನ್. ಇದರಲ್ಲಿ ಖನಿಜ ಶೇ 70ರಷ್ಟು; ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು ಮತ್ತು ಕೊಲಾಜೆನ್ ಎಂಬ ನಾರು. ಇನ್ನೂ ಒಳಗೆ ನರ, ರಕ್ತನಾಳಗಳಿರುವ ತಿರುಳು. ನಾವು ತಿಂದ ಸಕ್ಕರೆ, ಪಿಷ್ಟವನ್ನು ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂದು 1890ರಲ್ಲಿ ವಿಲ್ಲೋಬಿ ಮಿಲ್ಲರ್ ವಿವರಿಸಿದರು. ಆ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ ಅನ್ನು 1924ರಲ್ಲಿ ಕಿಲಿಯನ್ ಕ್ಲಾರ್ಕ್ ಗುರುತಿಸಿ ಹೆಸರಿಟ್ಟರು. ಪಾಚಿಯೊಳಗಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ತೊಡಗುತ್ತದೆ.

ಹುಳುಕು ಡೆಂಟಿನ್ನಿಗೆ ಇಳಿದ ಮೇಲೆ ಕತೆ ಬೇರೆಯಾಗುತ್ತದೆ. ಡೆಂಟಿನ್ ಒಂದೇ ಸಮನಾದ ಗಟ್ಟಿ ಪದಾರ್ಥವಲ್ಲ. ತಿರುಳಿನ ಕಡೆಯಿಂದ ಹೊರಕ್ಕೆ ಸಾಗುವ ಸೂಕ್ಷ್ಮ ಕೊಳವೆಗಳು ಅದರ ತುಂಬ ಇವೆ. ಒಂದು ಚದರ ಮಿಲಿಮೀಟರಿನಷ್ಟು ಜಾಗದಲ್ಲಿ ಹತ್ತಾರು ಸಾವಿರ. ಒಂದೊಂದರ ಅಗಲ 1ರಿಂದ 2.5 ಮೈಕ್ರಾನ್. ಮ್ಯೂಟನ್ಸ್ ಬ್ಯಾಕ್ಟೀರಿಯಾದ ಗಾತ್ರ ಒಂದು ಮೈಕ್ರಾನಿಗಿಂತ ಕಡಿಮೆ. ಆದ್ದರಿಂದ ವೈದ್ಯರು ಎಷ್ಟೇ ಜತನದಿಂದ ಕೆರೆದರೂ ಕೊಳವೆಗಳ ಒಳಗೆ ಒಂದಿಷ್ಟು ಬ್ಯಾಕ್ಟೀರಿಯಾ ಉಳಿದೇ ಇರುತ್ತದೆ.

ಹಿಂದೆ ಇದಕ್ಕೆ ಪರಿಹಾರ ಎಂದರೆ ಇನ್ನಷ್ಟು ಕೆರೆಯುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜಿ. ವಿ. ಬ್ಲ್ಯಾಕ್ ಹಾಕಿಕೊಟ್ಟ ಪಾಠವನ್ನು ದಂತವೈದ್ಯರು ತಲೆಮಾರುಗಟ್ಟಲೆ ಪಾಲಿಸಿದರು: ಹುಳುಕಿನ ಸುತ್ತಲಿನ ಒಳ್ಳೆಯ ಹಲ್ಲನ್ನೂ ಕೊಂಚ ಕೊರೆದು ಕುಳಿಯನ್ನು ವಿಸ್ತರಿಸಿಬಿಡಬೇಕು. ಈಗ ಯಾರೂ ಹಾಗೆ ಹೇಳುವುದಿಲ್ಲ. 2016ರಲ್ಲಿ ಹಲವು ದೇಶಗಳ ತಜ್ಞರು ಒಮ್ಮತದಿಂದ ಕೊಟ್ಟ ಶಿಫಾರಸಿನ ಪ್ರಕಾರ, ಕುಳಿಯ ಅಂಚು ಗಟ್ಟಿಯಾಗಿ ಸ್ವಚ್ಛವಾಗಿರಬೇಕು. ಆದರೆ ಹುಳುಕು ಆಳವಾಗಿ ತಿರುಳಿನ ಹತ್ತಿರಕ್ಕೆ ಹೋಗಿದ್ದರೆ ತಳದಲ್ಲಿ ಮೆದುವಾದ ಡೆಂಟಿನ್ನನ್ನು ಸ್ವಲ್ಪ ಬಿಟ್ಟೇ ಮುಚ್ಚುವುದು ಲೇಸು. ತಿರುಳು ಬಯಲಾಗಿ ರೂಟ್ ಕೆನಾಲ್‌ವರೆಗೆ ಹೋಗುವುದು ತಪ್ಪುತ್ತದೆ.

ಉದ್ದೇಶಪೂರ್ವಕವಾಗಿಯೇ ಒಂದಿಷ್ಟು ಸೋಂಕನ್ನು ಬಿಟ್ಟು ಮುಚ್ಚುವುದಾದರೆ, ಅದಕ್ಕೊಂದು ಔಷಧಿಯನ್ನಾದರೂ ಸವರಬಾರದೇ ಎಂಬ ಯೋಚನೆ ಸಹಜ. ಡ್ರಿಲ್ ಇಲ್ಲದೆ ಕೈಯಿಂದಲೇ ಕೆರೆಯುವ ಕಡೆ ಈ ಯೋಚನೆಗೆ ಇನ್ನೂ ತೂಕ ಹೆಚ್ಚು. 1980ರ ದಶಕದ ನಡುವೆ ಟಾಂಜಾನಿಯಾದಲ್ಲಿ ಯೋ ಫ್ರೆಂಕನ್ ಮತ್ತು ಜೊತೆಗಾರರು ರೂಪಿಸಿದ ಕ್ರಮ ಅದು. ಕರೆಂಟ್ ಬೇಡ, ಚುಚ್ಚುಮದ್ದು ಬಹುಪಾಲು ಬೇಡ. ಚಮಚದ ತುದಿಯಂಥ ಸಣ್ಣ ಸಲಕರಣೆಯಿಂದ ಹುಳುಕು ಕೆರೆದು ಗ್ಲಾಸ್ ಅಯೋನೊಮರ್ ಸಿಮೆಂಟ್ ತುಂಬುತ್ತಾರೆ. ಶಾಲೆಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ, 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕಿದೆ. ಇವರಲ್ಲಿ ಬಹಳಷ್ಟು ಮಂದಿ ಡ್ರಿಲ್ ಇರುವ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವವರಲ್ಲ. ಊರಲ್ಲೇ ಬೆಳೆಯುವ ಗಿಡದಿಂದ ಅಗ್ಗದ, ನಿರಪಾಯದ ದ್ರಾವಣ ಸಿಕ್ಕರೆ ಅದು ನಿಜಕ್ಕೂ ದೊಡ್ಡ ಉಪಕಾರ. ಹಾಗಾಗಿ ಈ ಹುಡುಕಾಟವನ್ನು ನಾಟಿ ಮದ್ದಿನ ವ್ಯಾಮೋಹ ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಕ್ಲೋರ್‌ಹೆಕ್ಸಿಡಿನ್‌ಗೆ ಬದಲಿ ಹುಡುಕಲು ಬೇರೆ ಕಾರಣಗಳೂ ಇವೆ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಈ ರಾಸಾಯನಿಕ ಒಳ್ಳೆಯ ಸೋಂಕುನಿವಾರಕ. ಹಲ್ಲಿನ ಮೇಲೆ ಅಂಟಿಕೊಂಡು ಹೊತ್ತುಹೊತ್ತು ಕೆಲಸ ಮಾಡುತ್ತದೆ. ಆದರೆ ಬಾಯಿ ಮುಕ್ಕಳಿಸಲು ದಿನವೂ ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ತೀರ ಅಪರೂಪಕ್ಕೆ ಕೆಲವರಲ್ಲಿ ತೀವ್ರ ಅಲರ್ಜಿಯನ್ನೂ ಉಂಟುಮಾಡುತ್ತದೆ. ಚರ್ಮಕ್ಕೆ ಹಚ್ಚುವ ಕ್ಲೋರ್‌ಹೆಕ್ಸಿಡಿನ್ ಬಗ್ಗೆ 2017ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆಯನ್ನೇ ಹೊರಡಿಸಿತು. ಕುಳಿಯೊಳಗೆ ಒಂದು ನಿಮಿಷ ಸವರಿದಾಗ ಬಣ್ಣ, ರುಚಿಯ ತೊಂದರೆ ಅಷ್ಟಾಗಿ ಬಾರದು.

ಇನ್ನು ಪ್ರಯೋಗಗಳ ಒಳಗೆ ಹೋಗೋಣ. ಇಲ್ಲಿ ಎರಡು ಬಗೆ. ಮೊದಲನೆಯದು ಪೂರ್ತಿ ಲ್ಯಾಬಿನಲ್ಲಿ ನಡೆಯುವಂಥದ್ದು. ಗಾಜಿನ ತಟ್ಟೆಯಲ್ಲಿ ಅಗರ್ ಹೆಪ್ಪುಗಟ್ಟಿಸಿ, ಮೇಲೆ ಬ್ಯಾಕ್ಟೀರಿಯಾ ಹರಡಿ, ಅಲ್ಲಲ್ಲಿ ತೂತು ಕೊರೆದು ಒಂದರಲ್ಲಿ ಬೇವಿನ ಸಾರ, ಒಂದರಲ್ಲಿ ಅರಿಶಿನದ್ದು, ಒಂದರಲ್ಲಿ ಕ್ಲೋರ್‌ಹೆಕ್ಸಿಡಿನ್ ತುಂಬುತ್ತಾರೆ. ಒಂದೆರಡು ದಿನ ಕಾವಿನಲ್ಲಿಟ್ಟರೆ ತೂತಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ವೃತ್ತ ಮೂಡುತ್ತದೆ. ಸ್ಕೇಲಿನಿಂದ ಅಳೆಯುತ್ತಾರೆ; ವೃತ್ತ ದೊಡ್ಡದಾದಷ್ಟೂ ಮದ್ದು ಜೋರು ಎಂದು ಲೆಕ್ಕ.

ಈ ಲೆಕ್ಕದಲ್ಲಿ ಮೋಸಹೋಗುವುದು ಸುಲಭ. ಅರಿಶಿನದ ಕುರ್‌ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ಅಗರ್‌ನಲ್ಲಿ ಅದು ಹರಡದಿದ್ದರೆ ವೃತ್ತ ಚಿಕ್ಕದಾಗಿ ಅರಿಶಿನ ನಿಷ್ಪ್ರಯೋಜಕ ಎನಿಸಿಬಿಡುತ್ತದೆ. ಇನ್ನೊಂದು ಕಡೆ, ಸಾರವನ್ನು ಆಲ್ಕೊಹಾಲಿನಲ್ಲಿ ಇಳಿಸಿದ್ದರೆ ಬ್ಯಾಕ್ಟೀರಿಯಾ ಸತ್ತದ್ದು ಎಲೆಯಿಂದಲೋ ಆಲ್ಕೊಹಾಲಿನಿಂದಲೋ? ಬರಿಯ ಆಲ್ಕೊಹಾಲನ್ನೂ ಪಕ್ಕದ ತೂತಿಗೆ ಹಾಕಿ ನೋಡದ ಪ್ರಯೋಗವನ್ನು ನಂಬುವುದು ಕಷ್ಟ. ಅದಕ್ಕಿಂತ ಮುಖ್ಯ, ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕೂ ಡೆಂಟಿನ್ ಕೊಳವೆಯೊಳಗೆ ಗುಂಪುಕಟ್ಟಿ ಕುಳಿತದ್ದನ್ನು ಕೊಲ್ಲುವುದಕ್ಕೂ ಅಂಗಳದಲ್ಲಿ ಹರಿದಾಡುವ ಇರುವೆಯನ್ನು ಗುಡಿಸುವುದಕ್ಕೂ ಗೋಡೆಯೊಳಗೆ ಗೂಡು ಮಾಡಿದ್ದನ್ನು ಕೀಳುವುದಕ್ಕೂ ಇರುವಷ್ಟು ವ್ಯತ್ಯಾಸವಿದೆ.

ಎರಡನೆಯ ಬಗೆ, ನಿಜವಾದ ಬಾಯಲ್ಲಿ ನಡೆಯುವಂಥದ್ದು. ಮಗುವಿನ ಹುಳುಕು ದವಡೆಹಲ್ಲನ್ನು ಕೆರೆದ ಮೇಲೆ ತಳದಿಂದ ಚಿಟಿಕೆಗಿಂತ ಕಡಿಮೆ ಡೆಂಟಿನ್ ತೆಗೆದು ಶೀಶೆಯಲ್ಲಿ ಹಾಕಿಡುತ್ತಾರೆ. ಆಮೇಲೆ ಗಿಡಮೂಲಿಕೆಯ ದ್ರಾವಣ ಸವರಿ, ನಿಗದಿತ ಹೊತ್ತು ಬಿಟ್ಟು, ಅದೇ ಜಾಗದಿಂದ ಇನ್ನೊಂದು ಚೂರು ತೆಗೆಯುತ್ತಾರೆ. ಎರಡನ್ನೂ ಲ್ಯಾಬಿನಲ್ಲಿ ಬೆಳೆಸಿ ಎಷ್ಟು ಬ್ಯಾಕ್ಟೀರಿಯಾ ಕಾಲನಿ ಹುಟ್ಟಿದವು ಎಂದು ಎಣಿಸುತ್ತಾರೆ. ದಾವಣಗೆರೆಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಇಂಥ ಒಂದು ಪ್ರಯೋಗದಲ್ಲಿ ಲೋಳೆಸರವನ್ನೂ ಪ್ರೊಪೊಲಿಸ್ಸನ್ನೂ ಪರೀಕ್ಷಿಸಿದ್ದರು. ಜೇನುಹುಳುಗಳು ಮರದ ಅಂಟು ತಂದು ಗೂಡಿನ ಬಿರುಕು ಮೆತ್ತುತ್ತವಲ್ಲ, ಅದು ಪ್ರೊಪೊಲಿಸ್. ಕೈಯಿಂದ ಕೆರೆದಷ್ಟರಿಂದಲೇ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ, ಈ ಎರಡೂ ಸೋಂಕುನಿವಾರಕವಾಗಿ ಒದಗಬಲ್ಲವು ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ಬೇವು, ಅರಿಶಿನ, ತ್ರಿಫಲಾ, ನೋನಿ, ಹಸಿರು ಚಹಾ ಕುರಿತ ಪ್ರಯೋಗಗಳೂ ಬಹುಮಟ್ಟಿಗೆ ಇದೇ ದಿಕ್ಕಿನಲ್ಲಿವೆ: ಎಣಿಕೆ ಇಳಿಯುತ್ತದೆ, ಕೆಲವೊಮ್ಮೆ ಕ್ಲೋರ್‌ಹೆಕ್ಸಿಡಿನ್‌ನಷ್ಟೇ, ಕೆಲವೊಮ್ಮೆ ಅದಕ್ಕಿಂತ ಕಡಿಮೆ.

ಇಂಥ ವರದಿ ಓದುವಾಗ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎರಡನೆಯ ಚೂರನ್ನು ಕೆರೆದದ್ದು ಮೊದಲನೆಯದಕ್ಕಿಂತ ಒಂದು ಪದರ ಆಳದಿಂದ. ಆಳಕ್ಕೆ ಹೋದಷ್ಟೂ ಬ್ಯಾಕ್ಟೀರಿಯಾ ತಾನಾಗಿಯೇ ಕಡಿಮೆ. ಏನನ್ನೂ ಸವರದೆ, ಬರಿಯ ಸಲೈನ್ ನೀರು ಹಾಕಿದ್ದರೂ ಎಣಿಕೆ ಸ್ವಲ್ಪ ಇಳಿಯುತ್ತಿತ್ತು. ಆದ್ದರಿಂದ ಸಲೈನ್ ಗುಂಪೊಂದು ಇಲ್ಲದ ಪ್ರಯೋಗದಲ್ಲಿ ಇಳಿಕೆಯ ಎಷ್ಟು ಪಾಲು ಮದ್ದಿನದ್ದು ಎಂದು ಹೇಳಲಾಗದು. ಜೊತೆಗೆ ಬಹುಪಾಲು ಪ್ರಯೋಗಗಳಲ್ಲಿ ಗುಂಪಿಗೆ ಬೆರಳೆಣಿಕೆಯ ಮಕ್ಕಳು. ಎರಡನೆಯ ಚೂರು ತೆಗೆದಲ್ಲಿಗೆ ಲೆಕ್ಕ ಮುಗಿದಿರುತ್ತದೆ. ಆರು ತಿಂಗಳ ಮೇಲೆ ಆ ಸಿಮೆಂಟ್ ಹಲ್ಲಿನಲ್ಲಿತ್ತೇ, ಉದುರಿತೇ, ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯಿತೇ ಎಂದು ನೋಡಿದವರು ತೀರ ಕಡಿಮೆ.

ಗಿಡದ ಕಡೆಯಿಂದ ಬರುವ ತೊಡಕು ಬೇರೆ. ಕ್ಲೋರ್‌ಹೆಕ್ಸಿಡಿನ್ ಶೇ 2 ಎಂದರೆ ಬೆಳಗಾವಿಯಲ್ಲೂ ಬೀದರಿನಲ್ಲೂ ಶೇ 2ರದ್ದೇ. ಬೇವಿನ ಸಾರ ಎಂದರೆ? ಎಲೆಯದೋ, ತೊಗಟೆಯದೋ, ಬೀಜದ್ದೋ? ನೀರಿನಲ್ಲಿ ಕುದಿಸಿದ್ದೋ ಆಲ್ಕೊಹಾಲಿನಲ್ಲಿ ನೆನೆಸಿದ್ದೋ? ಬೇಸಿಗೆಯ ಎಲೆಗೂ ಮಳೆಗಾಲದ ಎಲೆಗೂ ಸತ್ವದಲ್ಲಿ ವ್ಯತ್ಯಾಸವಿರುತ್ತದೆ. ಒಬ್ಬರು ಶೇ 5ರದ್ದು, ಇನ್ನೊಬ್ಬರು ಶೇ 20ರದ್ದು ಬಳಸಿ ಇಬ್ಬರೂ ‘ಬೇವು’ ಎಂದೇ ಬರೆದರೆ ಓದುವ ವೈದ್ಯರು ಯಾವುದನ್ನು ನಂಬಿ ರೋಗಿಯ ಬಾಯಿಗೆ ಹಾಕಬೇಕು? ಬೇವಿನ ಸತ್ವದ ಬಗ್ಗೆ ನನಗೆ ಅನುಮಾನವಿಲ್ಲ. ಬೇವಿನ ಕಡ್ಡಿಯ ನೀರುಸಾರ ಸ್ಟ್ರೆಪ್ಟೊಕಾಕಸ್‌ಗಳು ಹಲ್ಲಿಗೆ ಅಂಟಿಕೊಳ್ಳುವುದನ್ನು ತಡೆಯುತ್ತದೆ ಎಂದು 1996ರಲ್ಲೇ ಲ್ಯಾಬ್ ಪ್ರಯೋಗವೊಂದು ತೋರಿಸಿದೆ. ಕೊರತೆಯಿರುವುದು ಅಳತೆಯಲ್ಲಿ.

ಸಸ್ಯ ಔಷಧಿ ದಂತವೈದ್ಯರ ಕೈಗೆ ಹೊಸದೂ ಅಲ್ಲ. ಹಳೆಯ ಕ್ಲಿನಿಕ್ಕುಗಳ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿದ್ದ ಆ ವಿಶಿಷ್ಟ ವಾಸನೆ ಯೂಜೆನಾಲ್‌ನದು, ಎಂದರೆ ಲವಂಗದ ಎಣ್ಣೆಯ ಮುಖ್ಯ ಸತ್ವದ್ದು. ಅದನ್ನು ಜಿಂಕ್ ಆಕ್ಸೈಡ್ ಪುಡಿಯ ಜೊತೆ ಕಲಸಿ ತಾತ್ಕಾಲಿಕ ಸಿಮೆಂಟಾಗಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದ್ದಾರೆ. ಪರಂಗಿಹಣ್ಣಿನ ಪಪೇನ್ ಎಂಬ ಕಿಣ್ವದಿಂದ ಮಾಡಿದ ಜೆಲ್ 2003ರ ಹೊತ್ತಿಗೆ ಬ್ರೆಜಿಲ್‌ನಲ್ಲಿ ಬಂತು. ಆಮೇಲೆ ಭಾರತದಲ್ಲೂ ತಯಾರಾಯಿತು. ಹುಳುಕಿನ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಕೊಳೆತ ಡೆಂಟಿನ್ ಮೆತ್ತಗಾಗಿ ಕೆರೆಯಲು ಬರುತ್ತದೆ, ಒಳ್ಳೆಯ ಡೆಂಟಿನ್ ಹಾಗೆಯೇ ಉಳಿಯುತ್ತದೆ. ಡ್ರಿಲ್ಲಿಗಿಂತ ಹೊತ್ತು ಹೆಚ್ಚು ಹಿಡಿದರೂ ಡ್ರಿಲ್ ಸದ್ದಿಗೆ ಚೀರುವ ಮಕ್ಕಳ ಪಾಲಿಗೆ ಇದು ವರ. ಈ ಎರಡೂ ಕ್ಲಿನಿಕ್ಕಿಗೆ ಬಂದದ್ದು ಸತ್ವ ಯಾವುದು, ಎಷ್ಟು ಹಾಕಬೇಕು ಎಂಬುದು ಗೊತ್ತಾದ ಮೇಲೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಮಾತ್ರ ದ್ರಾಕ್ಷಿ ಬೀಜ ಮತ್ತು ಹಸಿರು ಚಹಾದ ವಿಷಯ. ಇಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದಕ್ಕಿಂತ ದೊಡ್ಡ ಲಾಭವೊಂದು ಇರುವಂತಿದೆ. ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬುವಾಗ ಮೊದಲು ಆಮ್ಲದ ಜೆಲ್ ಹಚ್ಚಿ ತೊಳೆಯುತ್ತಾರೆ. ಡೆಂಟಿನ್ನಿನ ಮೇಲ್ಪದರದ ಖನಿಜ ಕರಗಿ ಕೊಲಾಜೆನ್ ನಾರು ಬಯಲಾಗುತ್ತದೆ. ಅಂಟುದ್ರವ ಆ ನಾರಿನ ಎಡೆಗಳಿಗೆ ಇಳಿದು ಗಟ್ಟಿಯಾಗಬೇಕು. ಅಂಟು ತಲುಪದ ಕಡೆ ಉಳಿದ ಬರಿನಾರನ್ನು ಹಲ್ಲಿನಲ್ಲೇ ಇರುವ ಕಿಣ್ವಗಳು ನಿಧಾನಕ್ಕೆ ತಿನ್ನುತ್ತವೆ. ವರ್ಷಗಳು ಕಳೆದಂತೆ ಹಿಡಿತ ಸಡಿಲವಾಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಈ ಕಿಣ್ವಗಳನ್ನು ತಡೆಯುತ್ತದೆ ಎಂಬ ಕಾರಣಕ್ಕೇ ಎಷ್ಟೋ ವೈದ್ಯರು ಅದನ್ನು ಬಿಡಲೊಲ್ಲರು. ಹಸಿರು ಚಹಾದ ಕ್ಯಾಟೆಕಿನ್‌ಗಳೂ ಈ ಕಿಣ್ವಗಳನ್ನು ತಡೆಯಬಲ್ಲವು. ದ್ರಾಕ್ಷಿ ಬೀಜದ ಒಗರು ಸತ್ವ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೊಲಾಜೆನ್ ನಾರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ.

ಇದು ನಮ್ಮ ನಾಡಿಗೆ ಅಪರಿಚಿತ ವಿದ್ಯೆಯೇನಲ್ಲ. ತಂಗಡಿ ತೊಗಟೆಯಿಂದ, ಅಳಲೆಕಾಯಿಂದ ಚರ್ಮ ಹದ ಮಾಡುತ್ತಿದ್ದವರು ಮಾಡುತ್ತಿದ್ದುದೂ ಇದನ್ನೇ. ಹಸಿ ತೊಗಲಿನ ನಾರೂ ಕೊಲಾಜೆನ್, ಡೆಂಟಿನ್ನಿನ ನಾರೂ ಕೊಲಾಜೆನ್. ಒಗರಿನ ಟ್ಯಾನಿನ್ ಸೇರಿದಾಗ ನಾರು ಬಿಗಿದುಕೊಂಡು ಕೊಳೆಯುವುದು ನಿಲ್ಲುತ್ತದೆ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲಾದ ತುಂಬ ಇರುವುದು ಅಂಥ ಒಗರೇ. ಎಲ್ಲ ಟ್ಯಾನಿನ್ನುಗಳೂ ಒಂದೇ ಬಗೆಯವಲ್ಲ, ದ್ರಾಕ್ಷಿ ಬೀಜದ್ದು ಹೀಗೆಂದರೆ ಅಳಲೆಯದೂ ಹಾಗೇ ಎನ್ನುವಂತಿಲ್ಲ. ಆದರೂ ಬೇವು ಎಷ್ಟು ಬ್ಯಾಕ್ಟೀರಿಯಾ ಕೊಂದಿತು ಎಂದು ನೂರನೆಯ ಸಲ ಎಣಿಸುವುದಕ್ಕಿಂತ ಅಳಲೆ ಡೆಂಟಿನ್ನಿಗೆ ಏನು ಮಾಡುತ್ತದೆ ಎಂದು ನೋಡುವುದು ಹೆಚ್ಚು ಫಲ ಕೊಡಬಹುದು ಎಂಬುದು ನನ್ನ ಅನಿಸಿಕೆ. ತೊಡಕು ಇಲ್ಲೂ ಇದೆ. ದ್ರಾಕ್ಷಿ ಬೀಜದ ಸಾರ ಡೆಂಟಿನ್ನಿಗೆ ಕಂದು ಬಣ್ಣ ಹತ್ತಿಸುತ್ತದೆ. ಮುಂದಿನ ಹಲ್ಲಿಗೆ ಯಾರೂ ಒಪ್ಪಲಾರರು.

ಮನೆಮದ್ದಿನ ಬಗ್ಗೆ ಈಗ ನೇರವಾಗಿ ಹೇಳಬೇಕು. ಮೇಲೆ ಹೇಳಿದ್ದೆಲ್ಲ ವೈದ್ಯರು ಹುಳುಕು ಕೆರೆದು, ಒಣಗಿಸಿ, ತಕ್ಷಣ ಮುಚ್ಚುವ ಕುಳಿಯ ಮಾತು. ನೋಯುವ ಹಲ್ಲಿನ ತೂತಿಗೆ ಮನೆಯಲ್ಲಿ ಲವಂಗ, ಇಂಗು, ಕರ್ಪೂರ, ಹೊಗೆಸೊಪ್ಪು ತುರುಕುವುದು ಅದಕ್ಕೆ ಸಂಬಂಧವೇ ಇಲ್ಲದ ಸಂಗತಿ. ನೆಲಗುಳ್ಳದ ಬೀಜದ ಹೊಗೆ ಕೊಟ್ಟು ‘ನೋಡಿ, ಹುಳ ಬಿತ್ತು’ ಎಂದು ತೋರಿಸುವವರು ಹಿಂದೆ ಊರೂರಿಗೆ ಬರುತ್ತಿದ್ದರು. ಬಿಸಿಗೆ ಸಿಡಿದ ಬೀಜದಿಂದ ಹೊರಬಿದ್ದ ಬೆಳ್ಳನೆಯ ಮೊಳಕೆಯೇ ಆ ಹುಳ. ಲವಂಗ ಹಾಗಲ್ಲ, ಅದು ನೋವನ್ನು ನಿಜಕ್ಕೂ ತಗ್ಗಿಸುತ್ತದೆ. ಆದರೆ ಶುದ್ಧ ಲವಂಗದೆಣ್ಣೆಯನ್ನು ಹಾಗೇ ಸುರಿದರೆ ಒಸಡು, ಕೆನ್ನೆಯ ಒಳಭಾಗ ಸುಟ್ಟುಕೊಳ್ಳುತ್ತದೆ. ಒಳಗಿನ ಹುಳುಕೂ ನಿಲ್ಲುವುದಿಲ್ಲ. ವಾರಗಟ್ಟಲೆ ಕಾಡಿದ ನೋವು ಒಂದು ದಿನ ಇದ್ದಕ್ಕಿದ್ದಂತೆ ನಿಂತರೆ ವಾಸಿಯಾಯಿತು ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ತಿರುಳು ಸತ್ತಾಗಲೂ ನೋವು ನಿಲ್ಲುತ್ತದೆ. ಆಮೇಲೆ ಬೇರಿನ ತುದಿಯಲ್ಲಿ ಕೀವು ತುಂಬಿ ಕೆನ್ನೆ ಊದಿಕೊಂಡಾಗ ಸಿಮೆಂಟಿನಲ್ಲಿ ಮುಗಿಯಬೇಕಿದ್ದ ಕೆಲಸ ರೂಟ್ ಕೆನಾಲಿಗೋ ಹಲ್ಲು ಕೀಳಿಸುವುದಕ್ಕೋ ಹೋಗಿರುತ್ತದೆ. ಬಡವರ ಮನೆಗಳಲ್ಲಿ ಇದು ಮತ್ತೆ ಮತ್ತೆ ನಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಲವಂಗದೆಣ್ಣೆ ಹಾಕಿಕೊಂಡಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಕಾಂಪೊಸಿಟ್ ಗಟ್ಟಿಯಾಗಲು ಬೇಕಾದ ರಾಸಾಯನಿಕ ಕ್ರಿಯೆಗೆ ಯೂಜೆನಾಲ್ ಅಡ್ಡಿಪಡಿಸುತ್ತದೆ. ಯಾವ ಸಸ್ಯಸಾರಕ್ಕೂ ಇದೇ ಪ್ರಶ್ನೆ ಕೇಳಬೇಕು: ಬ್ಯಾಕ್ಟೀರಿಯಾ ಕೊಂದ ಮೇಲೆ ಇದು ಕುಳಿಯ ಗೋಡೆಯ ಮೇಲೆ ಎಣ್ಣೆಯನ್ನೋ ಲೋಳೆಯನ್ನೋ ಪುಡಿಯನ್ನೋ ಬಿಟ್ಟುಹೋಗುತ್ತದೆಯೇ? ಬಿಟ್ಟರೆ ಸಿಮೆಂಟಿನ ಹಿಡಿತ ಏನಾಗುತ್ತದೆ?

ಏಕೆಂದರೆ ಕೊನೆಗೆ ಹಲ್ಲನ್ನು ಕಾಯುವುದು ಆ ಹಿಡಿತವೇ. ಅಮೆರಿಕದಲ್ಲಿ ಮರ್ಟ್ಸ್-ಫೇರ್‌ಹರ್ಸ್ಟ್ ಮತ್ತು ಸಂಗಡಿಗರು ಹುಳುಕನ್ನು ಹಾಗೆಯೇ ಒಳಗೆ ಬಿಟ್ಟು, ಸುತ್ತಲಿನ ಎನಾಮಲ್ ಅಂಚನ್ನು ಮಾತ್ರ ಹದಮಾಡಿ, ಮೇಲೆ ಕಾಂಪೊಸಿಟ್ಟಿನಿಂದ ಭದ್ರವಾಗಿ ಮುಚ್ಚಿ 10 ವರ್ಷ ಕಾದು ನೋಡಿದರು. 1998ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಾಗೆ ಮುಚ್ಚಿದ ಹಲ್ಲುಗಳಲ್ಲಿ ಹುಳುಕು ಮುಂದುವರಿಯಲಿಲ್ಲ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಮಕ್ಕಳ ಹುಳುಕು ದವಡೆಹಲ್ಲಿಗೆ ಡ್ರಿಲ್ಲೂ ಇಲ್ಲದೆ ಚುಚ್ಚುಮದ್ದೂ ಇಲ್ಲದೆ ಸ್ಟೀಲ್ ಕ್ಯಾಪ್ ಕೂರಿಸುತ್ತಿದ್ದರು. ಅವರ ಹೆಸರಿನ ಆ ಕ್ರಮ ಈಗ ಜಗತ್ತಿನೆಲ್ಲೆಡೆ ಮಕ್ಕಳ ದಂತವೈದ್ಯರ ಪಾಠದಲ್ಲಿದೆ. ಎರಡರ ಹಿಂದಿರುವ ತತ್ವ ಒಂದೇ. ಸಂದಿಲ್ಲದಂತೆ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗದು. ಬಹಳಷ್ಟು ಸಾಯುತ್ತವೆ, ಉಳಿದವು ನಿತ್ರಾಣವಾಗುತ್ತವೆ. ಅಂಚಿನಲ್ಲಿ ಸಂದು ಉಳಿದಿದ್ದರೆ ಬೇವೂ ಕಾಯದು, ಕ್ಲೋರ್‌ಹೆಕ್ಸಿಡಿನ್ನೂ ಕಾಯದು. ಆದ್ದರಿಂದ ನಿಮ್ಮ ವೈದ್ಯರು ಯಾವ ಸೋಂಕುನಿವಾರಕವನ್ನೂ ಸವರದೆ ಸಿಮೆಂಟ್ ತುಂಬಿದರೆ ಅದನ್ನು ಅಚಾತುರ್ಯ ಎಂದು ತಿಳಿಯಬೇಕಿಲ್ಲ. ತುಂಬುವಾಗ ಎಂಜಲು ತಾಗದಂತೆ ಹಲ್ಲನ್ನು ಒಣಗಿಸಿ ಇಟ್ಟುಕೊಳ್ಳುವುದಕ್ಕೆ ಅವರು ಎಷ್ಟು ಶ್ರಮಪಟ್ಟರು ಎಂಬುದನ್ನು ಗಮನಿಸಿ. ಹತ್ತಿ ಇಡುವಾಗ, ರಬ್ಬರ್ ಹಾಳೆ ಕಟ್ಟುವಾಗ ಮಗು ತಕರಾರು ಮಾಡಿದರೆ ಸಮಾಧಾನಪಡಿಸಿ ಕೂರಿಸುವುದು ಹೆತ್ತವರು ಮಾಡಬಹುದಾದ ದೊಡ್ಡ ಸಹಾಯ.

ಹಾಗಾದರೆ ಗಿಡಮೂಲಿಕೆಯ ಹುಡುಕಾಟವನ್ನು ಇಲ್ಲಿಗೇ ನಿಲ್ಲಿಸಬೇಕೇ? ಬೇಡ, ಆದರೆ ನೋಡಬೇಕಾದ ಲೆಕ್ಕ ಬದಲಾಗಬೇಕು. ಒಂದೇ ಬಗೆಯಲ್ಲಿ ತಯಾರಿಸಿ ಸತ್ವದ ಪ್ರಮಾಣ ಗೊತ್ತುಮಾಡಿಕೊಂಡ ಸಾರವೊಂದನ್ನು ಆರಿಸಿಕೊಳ್ಳಬೇಕು. ಒಂದು ಗುಂಪಿನ ಹಲ್ಲುಗಳಿಗೆ ಅದನ್ನು, ಇನ್ನೊಂದಕ್ಕೆ ಕ್ಲೋರ್‌ಹೆಕ್ಸಿಡಿನ್, ಮತ್ತೊಂದಕ್ಕೆ ಬರಿಯ ಸಲೈನ್ ಹಾಕಿ, ಯಾವುದು ಯಾವುದೆಂದು ಪರೀಕ್ಷಿಸುವವರಿಗೇ ತಿಳಿಯದಂತೆ ಎರಡು–ಮೂರು ವರ್ಷ ಹಿಂಬಾಲಿಸಬೇಕು. ಎಣಿಸಬೇಕಾದದ್ದು ಉಳಿದ ಸಿಮೆಂಟುಗಳನ್ನು, ನೋವಿಲ್ಲದ ಹಲ್ಲುಗಳನ್ನು. ನಮ್ಮಲ್ಲಿ ಇದು ಆಗದಿರಲು ಒಂದು ಸರಳ ಕಾರಣವಿದೆ. ಇಂಥ ಪ್ರಯೋಗಗಳಲ್ಲಿ ಹೆಚ್ಚಿನವು ಎಂಡಿಎಸ್ ವಿದ್ಯಾರ್ಥಿಗಳ ಪ್ರಬಂಧಗಳು. ಕೋರ್ಸೇ ಮೂರು ವರ್ಷದ್ದಾದಾಗ ಮೂರು ವರ್ಷ ಮಕ್ಕಳನ್ನು ಹಿಂಬಾಲಿಸಲು ವಿದ್ಯಾರ್ಥಿಗೆ ಪುರುಸೊತ್ತೆಲ್ಲಿ? ಒಂದು ಬ್ಯಾಚ್ ಸಿಮೆಂಟ್ ತುಂಬಿ ಅಳತೆ ಬರೆದಿಟ್ಟ ಮಕ್ಕಳನ್ನು ಮುಂದಿನ ಬ್ಯಾಚ್ ಅದೇ ಶಾಲೆಗೆ ಹೋಗಿ ನೋಡುವಂತೆ ವ್ಯವಸ್ಥೆ ಮಾಡುವುದು ಕಾಲೇಜುಗಳ ವಿಭಾಗದ ಮುಖ್ಯಸ್ಥರ ಕೈಯಲ್ಲೇ ಇದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿರುತ್ತದೆ, ಕಾಲೇಜಿನ ಬಸ್ಸು ಹೇಗೂ ಪ್ರತಿವರ್ಷ ಆ ಹಳ್ಳಿಗಳಿಗೆ ಶಿಬಿರಕ್ಕೆ ಹೋಗುತ್ತದೆ.